ಬಾಲ್ ಪೈಥಾನ್‌ನ ಬೆನ್ನಿನ ಮೇಲೆ ಕಪ್ಪು ಕಲೆ: ಅಲರ್ಜಿಯೋ, ಮದ್ದಿನ ಸುಟ್ಟಗಾಯವೋ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವವರು. ಮನೆಯಲ್ಲಿ ಬಾಲ್ ಪೈಥಾನ್ ಎಂಬ ಹೊರದೇಶದ ಹಾವೊಂದನ್ನು ಸಾಕಿದ್ದೇವೆ. ಮೂರು ವರ್ಷ ಪ್ರಾಯ, 900 ಗ್ರಾಂ ತೂಕ, ನೋಂದಣಿ ಆಗಿದೆ. ಮಳೆ ಹಿಡಿದ ಮೇಲೆ ಅದು ಬಾಯಿ ತೆರೆದು ಉಸಿರಾಡತೊಡಗಿತು, ಮೂಗಿನಲ್ಲಿ ಗುಳ್ಳೆ ಕಾಣಿಸಿತು. ಮಂಗಳೂರಿನ ಪಶುವೈದ್ಯರೊಬ್ಬರು ಶ್ವಾಸಕೋಶದ ಸೋಂಕು ಎಂದು ಎನ್ರೋಫ್ಲಾಕ್ಸಸಿನ್ ಎಂಬ ಪ್ರತಿಜೀವಕದ ಇಂಜೆಕ್ಷನ್ ಬರೆದುಕೊಟ್ಟರು. ಮೊದಲನೆಯದನ್ನು ಅವರೇ ಕೊಟ್ಟರು. ಉಳಿದದ್ದನ್ನು ದಿನ ಬಿಟ್ಟು ದಿನ 0.09 ಮಿ.ಲೀ.ನಂತೆ ಮನೆಯಲ್ಲಿ ಕೊಡಲು ಹೇಳಿದ್ದಾರೆ. ಸೀಸೆಯ ಮೇಲೆ ಶೇ. 5 ಎಂದಿದೆ. ಇನ್ಸುಲಿನ್ ಸಿರಿಂಜಿನಲ್ಲಿ ಕೊಡುತ್ತಿದ್ದೇನೆ. ಉಸಿರಾಟ ಸ್ವಲ್ಪ ಹಗುರವಾಗಿದೆ, ಆದರೆ ಚುಚ್ಚಿದ ಜಾಗದಲ್ಲಿ ಚರ್ಮ ಬೂದು ಬಣ್ಣಕ್ಕೆ ತಿರುಗಿ ಈಗ ಕಪ್ಪಾಗಿದೆ. ಮುಟ್ಟಿದರೆ ಗಟ್ಟಿ ಗಂಟು, ಮೇಲಿನ ಹುರುಪೆಗಳು ಎದ್ದು ನಿಂತಿವೆ. ಹಾವಿಗೆ ಈ ಮದ್ದು ಅಲರ್ಜಿಯೇ? ನಿಲ್ಲಿಸಬೇಕೇ? ಅರಸಿನ ಮತ್ತು ತೆಂಗಿನೆಣ್ಣೆ ಹಚ್ಚಬಹುದೇ? ಹಾವಿಗೆ ಸೂಜಿ ಚುಚ್ಚಿದ್ದು ದೋಷವೆಂದು ಅಮ್ಮ ಹೆದರಿದ್ದಾರೆ.

ಉತ್ತರ: ಹಾವನ್ನು ಮುಟ್ಟಿ ನೋಡದೆ ಕೊನೆಯ ಮಾತು ಹೇಳುವುದು ಸರಿಯಲ್ಲ. ಆದರೂ ನೀವು ವಿವರಿಸಿದ ರೀತಿಯ ಕಲೆ ಅಲರ್ಜಿಯದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. ಮದ್ದು ತಾನು ಬಿದ್ದ ಜಾಗದ ಮಾಂಸವನ್ನೂ ಚರ್ಮವನ್ನೂ ಸುಟ್ಟಿದೆ. ಎನ್ರೋಫ್ಲಾಕ್ಸಸಿನ್ ವಿಷಯದಲ್ಲಿ ಇದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆದ್ದರಿಂದ ಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಇಂಜೆಕ್ಷನ್ನಿನ ಹೊತ್ತಿಗೆ ಮೊದಲು, ಸಾಧ್ಯವಾದರೆ ಇವತ್ತೇ, ಮದ್ದು ಬರೆದ ವೈದ್ಯರಿಗೆ ಕರೆ ಮಾಡಿ. ಕಲೆಯ ಫೋಟೊವನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆದು ಕಳುಹಿಸಿ. ಕೊಡುವ ಕ್ರಮ ಬದಲಾಗಬೇಕು, ಬಹುಶಃ ಮದ್ದೇ ಬದಲಾಗಬೇಕು. ಚಿಕಿತ್ಸೆ ಮಾತ್ರ ಮಧ್ಯದಲ್ಲಿ ತುಂಡಾಗಬಾರದು.

ಯಾಕೆ ಸುಡುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನದ್ದೆಲ್ಲ ಸುಲಭ. ಎನ್ರೋಫ್ಲಾಕ್ಸಸಿನ್ ಸಾಮಾನ್ಯ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕರಗಿಸಿ ಸೀಸೆಯಲ್ಲಿ ಇಡಲು ದ್ರಾವಣವನ್ನು ಬಲವಾದ ಕ್ಷಾರವಾಗಿ ತಯಾರಿಸುತ್ತಾರೆ. ಅದರ ಪಿಎಚ್ ಮಟ್ಟ ಸುಮಾರು 11ರ ಆಸುಪಾಸು, ಜೀವಕೋಶಗಳು ಸುಖವಾಗಿರುವುದು 7.4ರ ಹತ್ತಿರ. ವೀಳ್ಯದೆಲೆಗೆ ಸುಣ್ಣ ಹೆಚ್ಚು ಸವರಿ ಬಾಯಿಗೆ ಹಾಕಿಕೊಂಡರೆ ಒಳಗೆನ್ನೆ ಸುಟ್ಟು ಸಿಪ್ಪೆ ಏಳುತ್ತದಲ್ಲ, ಇಲ್ಲಿ ನಡೆಯುವುದೂ ಅದೇ ಜಾತಿಯ ಸುಡುವಿಕೆ. ವ್ಯತ್ಯಾಸವೆಂದರೆ ಬಾಯಿಯನ್ನು ಮುಕ್ಕಳಿಸಬಹುದು, ಮಾಂಸದೊಳಗೆ ಬಿದ್ದ ಮದ್ದನ್ನು ತೊಳೆಯಲು ಬರುವುದಿಲ್ಲ. ರಕ್ತ ಬಂದು ಅದನ್ನು ಸ್ವಲ್ಪ ಸ್ವಲ್ಪವೇ ಒಯ್ಯುವವರೆಗೆ ಅದು ಅಲ್ಲೇ ಇರುತ್ತದೆ.

ಹಸು, ನಾಯಿಗಳಿಗೆ ಹೋಲಿಸಿದರೆ ಹಾವಿಗೆ ಇದು ಹೆಚ್ಚು ಕಾಡುವುದಕ್ಕೆ ಕಾರಣಗಳಿವೆ. ಹಸುವಿನ ತೊಡೆಯಲ್ಲಿ ಅಂಗೈ ದಪ್ಪದ ಮಾಂಸವಿರುತ್ತದೆ. ಹಾವಿನಲ್ಲಿ ಇಂಜೆಕ್ಷನ್ ಕೊಡಲು ಇರುವುದು ಬೆನ್ನುಮೂಳೆಯ ಎರಡೂ ಪಕ್ಕ ಉದ್ದಕ್ಕೆ ಹೋಗುವ ತೆಳ್ಳನೆಯ ಎರಡು ಮಾಂಸದ ಪಟ್ಟಿಗಳು ಮಾತ್ರ. ಸೂಜಿ ಸ್ವಲ್ಪ ಮೇಲೆಯೇ ನಿಂತರೆ, ಅಥವಾ ಒತ್ತಿದ ವೇಗಕ್ಕೆ ಮದ್ದು ಸೂಜಿಯ ದಾರಿಯಲ್ಲೇ ಹಿಂದಕ್ಕೆ ಜಿನುಗಿದರೆ, ಅದು ಚರ್ಮದ ಕೆಳಗೆ ಹರಡುತ್ತದೆ. ಆಗ ಮೇಲಿನ ಹುರುಪೆಗಳಿಗೆ ರಕ್ತ ತಲುಪಿಸುವ ಸೂಕ್ಷ್ಮ ನಾಳಗಳು ಸತ್ತು, ಚರ್ಮ ಮೊದಲು ಬೂದು, ಆಮೇಲೆ ಕಪ್ಪು ಬಣ್ಣಕ್ಕೆ ಬರುತ್ತದೆ. ನೀವು ಬರೆದದ್ದೂ ಇದೇ ಅನುಕ್ರಮ. ಇನ್ನೊಂದು, ಹಾವಿನ ಮೈ ಬಿಸಿ ಹೊರಗಿನ ಬಿಸಿಯನ್ನೇ ಅವಲಂಬಿಸಿದೆ. ಮೈ ತಣ್ಣಗಿದ್ದರೆ ರಕ್ತದ ಓಟ ನಿಧಾನ, ಮದ್ದು ಬಿದ್ದಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ, ಸುಡುವುದೂ ಹೆಚ್ಚಾಗುತ್ತದೆ. ಮಳೆಗಾಲದಲ್ಲಿ ಇಂಥ ಗಾಯಗಳನ್ನು ವಿಶೇಷವಾಗಿ ನಿರೀಕ್ಷಿಸಬೇಕಾದದ್ದು ಇದರಿಂದಲೇ.

ಗಂಟು ಗಟ್ಟಿಯಾಗಿದೆ ಎಂದಿರಿ. ನಮ್ಮ ಮೈಯಲ್ಲಿ ಬಾವು ಬಂದರೆ ಒಳಗೆ ಕೀವು ನೀರಾಗುತ್ತದೆ, ಒಡೆದರೆ ಹರಿದುಹೋಗುತ್ತದೆ. ಸರೀಸೃಪಗಳ ಬಿಳಿ ರಕ್ತಕಣಗಳಲ್ಲಿ ಕೀವನ್ನು ದ್ರವವಾಗಿಸುವ ಸಾಮರ್ಥ್ಯ ಕಡಿಮೆ, ಹಾಗಾಗಿ ಅವುಗಳಲ್ಲಿ ಅದು ಒಣಗಿದ ಮುದ್ದೆಯಾಗಿ ಒಳಗೇ ಉಳಿಯುತ್ತದೆ. ದಯವಿಟ್ಟು ಆ ಗಂಟನ್ನು ಹಿಸುಕಬೇಡಿ, ಸೂಜಿಯಿಂದ ಚುಚ್ಚಿ ತೆರೆಯಬೇಡಿ. ಹಿಸುಕಿದರೆ ಏನೂ ಹೊರಬರುವುದಿಲ್ಲ, ಸುತ್ತಲಿನ ಒಳ್ಳೆಯ ಮಾಂಸಕ್ಕೂ ಪೆಟ್ಟಾಗುತ್ತದೆ ಅಷ್ಟೆ. ಈ ಗಂಟುಗಳಲ್ಲಿ ಹೆಚ್ಚಿನವು ರೋಗಾಣು ಇಲ್ಲದ, ಬರೀ ಸುಟ್ಟ ಮಾಂಸದ ಗಂಟುಗಳು. ವಾರಗಳಲ್ಲಿ ತಾವಾಗಿಯೇ ಚಿಕ್ಕದಾಗುತ್ತವೆ. ದೊಡ್ಡದಾಗುತ್ತಲೇ ಹೋದರೆ ಅರಿವಳಿಕೆ ಕೊಟ್ಟು ವೈದ್ಯರೇ ಕೊರೆದು ತೆಗೆಯಬೇಕು.

ಅಲರ್ಜಿಯಾಗಿದ್ದರೆ ಚಿತ್ರ ಬೇರೆಯೇ ಇರುತ್ತಿತ್ತು. ಮದ್ದು ಕೊಟ್ಟ ನಿಮಿಷಗಳಲ್ಲಿ ಅಥವಾ ಒಂದೆರಡು ಗಂಟೆಯೊಳಗೆ ಹಾವು ಸೋತು ಬೀಳುವುದು, ಚುಚ್ಚದ ಕಡೆಯೂ ಊತ ಬರುವುದು, ಉಸಿರು ಇದ್ದಕ್ಕಿದ್ದಂತೆ ಕಷ್ಟವಾಗುವುದು ಇವೆಲ್ಲ ಕಾಣಬೇಕಿತ್ತು. ಹಾವುಗಳಲ್ಲಿ ಅದು ತೀರಾ ಅಪರೂಪ. ನಿಮ್ಮ ಹಾವಿನಲ್ಲಿ ಚುಚ್ಚಿದ ಜಾಗ ಮಾತ್ರ ಕೆಟ್ಟಿದೆ, ಉಸಿರಾಟ ಸುಧಾರಿಸಿದೆ. ಅಂದರೆ ಮದ್ದು ಒಳಗೆ ತನ್ನ ಕೆಲಸ ಮಾಡುತ್ತಿದೆ. ‘ಈ ಹಾವಿಗೆ ಎನ್ರೋಫ್ಲಾಕ್ಸಸಿನ್ ಆಗದು’ ಎಂದು ಕಡತದಲ್ಲಿ ಬರೆದಿಟ್ಟುಕೊಂಡರೆ ನಾಳೆ ನಿಜವಾಗಿ ಬೇಕಾದಾಗ ಒಳ್ಳೆಯ ಮದ್ದೊಂದನ್ನು ಕಳೆದುಕೊಂಡಂತಾಗುತ್ತದೆ. ಈ ಹೆಸರಿಡುವ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುವುದು ಅದಕ್ಕೇ.

ಈಗ ಸಿರಿಂಜಿನ ಲೆಕ್ಕಕ್ಕೆ ಬರೋಣ. ಈ ಭಾಗವನ್ನು ನಿಧಾನವಾಗಿ ಓದಿ, ಸಿರಿಂಜನ್ನು ಕೈಯಲ್ಲಿ ಹಿಡಿದುಕೊಂಡೇ ಓದಿ. ಪೈಥಾನ್‌ಗಳಿಗೆ ಎನ್ರೋಫ್ಲಾಕ್ಸಸಿನ್‌ನ ರೂಢಿಯ ಪ್ರಮಾಣ ಮೊದಲ ಸಲ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಆಮೇಲೆ 48 ಗಂಟೆಗೊಮ್ಮೆ 5 ಮಿಲಿಗ್ರಾಂ. ನಿಮ್ಮ ಹಾವು 900 ಗ್ರಾಂ, ಅಂದರೆ ಒಂದು ಸಲಕ್ಕೆ 4.5 ಮಿಲಿಗ್ರಾಂ. ಶೇ. 5ರ ಸೀಸೆಯಲ್ಲಿ ಒಂದು ಮಿ.ಲೀ.ಗೆ 50 ಮಿಲಿಗ್ರಾಂ ಇರುತ್ತದೆ, ಆದ್ದರಿಂದ 0.09 ಮಿ.ಲೀ. ವೈದ್ಯರ ಚೀಟಿಯ ಲೆಕ್ಕ ಸರಿಯಾಗಿದೆ. ತೊಡಕು ಬರುವುದು ಸಿರಿಂಜಿನಲ್ಲಿ. ನಮ್ಮ ಔಷಧದಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಅದರಲ್ಲಿ 40 ಗುರುತಿಗೆ ಒಂದು ಮಿ.ಲೀ. ಕಿತ್ತಳೆ ಮುಚ್ಚಳದ್ದು ಯು-100, ಅದರಲ್ಲಿ 100 ಗುರುತಿಗೆ ಒಂದು ಮಿ.ಲೀ. ನಿಮ್ಮ 0.09 ಮಿ.ಲೀ. ಎಂದರೆ ಕಿತ್ತಳೆಯದರಲ್ಲಿ 9 ಗುರುತು, ಕೆಂಪಿನದರಲ್ಲಿ ಬರೀ 3.6 ಗುರುತು. ಯಾರೋ 9 ಎಂದು ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 9ರವರೆಗೆ ಎಳೆದರೆ 0.225 ಮಿ.ಲೀ. ಒಳಗೆ ಹೋಗುತ್ತದೆ, ಅಂದರೆ ಎರಡೂವರೆ ಪಟ್ಟು. ದನಗಳಿಗೆಂದು ಬರುವ ಶೇ. 10ರ ಸೀಸೆಯನ್ನು ಅಂಗಡಿಯವರು ‘ಎರಡೂ ಒಂದೇ ಮದ್ದು’ ಎಂದು ಕೊಟ್ಟಿದ್ದರೆ ಅಷ್ಟೇ ಅಳತೆಗೆ ಇಮ್ಮಡಿ ಮದ್ದು ಹೋಗುತ್ತದೆ. ಮುಚ್ಚಳದ ಬಣ್ಣ, ಸೀಸೆಯ ಮೇಲಿನ ಶೇಕಡಾ ಎರಡನ್ನೂ ಈಗಲೇ ನೋಡಿ ವೈದ್ಯರಿಗೆ ತಿಳಿಸಿ. ಹೆಚ್ಚಾಗಿ ಹೋಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಮೂತ್ರಪಿಂಡದ ಮೇಲೆ ಕಣ್ಣಿಡಲು ಅವರಿಗೆ ಅದು ಬೇಕು.

ಅಳತೆ ಸರಿಯಿದ್ದರೂ ಇಷ್ಟು ಗಾಢವಾದ ಮದ್ದನ್ನು ಹಾಗೆಯೇ ಚುಚ್ಚುವುದು ನನಗೆ ಒಪ್ಪಿಗೆಯಲ್ಲ. ಶೇ. 5ರ ಮದ್ದಿನ ಒಂದು ಪಾಲಿಗೆ ಇಂಜೆಕ್ಷನ್ನಿಗೆಂದೇ ಬರುವ ಶುದ್ಧ ಸಲೈನಿನ ನಾಲ್ಕು ಪಾಲು ಬೆರೆಸಿದರೆ ಒಂದು ಮಿ.ಲೀ.ಗೆ 10 ಮಿಲಿಗ್ರಾಂ ಆಗುತ್ತದೆ. ಆಗ ನಿಮ್ಮ ಹಾವಿಗೆ ಬೇಕಾದದ್ದು 0.45 ಮಿ.ಲೀ. ಇದರಿಂದ ಅಳತೆ ತಪ್ಪುವ ಭಯ ಕಡಿಮೆ, ಸುಡುವುದೂ ಕಡಿಮೆ, ಅದನ್ನು ಎರಡು ಪಾಲು ಮಾಡಿ ಬೆನ್ನಿನ ಎಡಕ್ಕೊಂದು ಬಲಕ್ಕೊಂದು ಕೊಡಲೂ ಆಗುತ್ತದೆ. ಆದರೆ ಈ ಬೆರೆಸುವ ಕೆಲಸಕ್ಕೆ ವೈದ್ಯರ ಒಪ್ಪಿಗೆ ಬೇಕು, ಮೊದಲ ಸಲ ಅವರ ಕಣ್ಣೆದುರೇ ಮಾಡಿ ಕಲಿಯಬೇಕು. ಕೊಡುವ ಹೊತ್ತಿಗೆ ಬೆರೆಸಬೇಕು, ಉಳಿಸಿಡಬಾರದು. ಬೆರೆಸಿದ ದ್ರಾವಣ ಮಂಕಾದರೆ, ಹರಳು ಹರಳಾಗಿ ಕಂಡರೆ ಚೆಲ್ಲಿಬಿಡಿ. ಬೇರೆ ಯಾವ ಮದ್ದನ್ನೂ ಅದೇ ಸಿರಿಂಜಿಗೆ ಸೇರಿಸಬೇಡಿ. ಬೆರೆಸಿದ ಮಾತ್ರಕ್ಕೆ ಕಲೆ ಬರುವುದೇ ಇಲ್ಲ ಎಂಬ ಭರವಸೆ ನಾನು ಕೊಡಲಾರೆ. ಕ್ಷಾರ ಕ್ಷಾರವೇ, ಬೆರೆಸಿದರೆ ಅದರ ಹರಿತ ತಗ್ಗುತ್ತದೆ.

ಪತ್ರದಲ್ಲಿ ನೀವು ಬರೆಯದ ಒಂದು ಸಂಗತಿಯನ್ನು ಕೇಳಬೇಕಾಗಿದೆ: ಪ್ರತಿ ಸಲ ಒಂದೇ ಕಡೆ ಚುಚ್ಚುತ್ತಿದ್ದೀರಾ? ಮನೆಯಲ್ಲಿ ಇಂಜೆಕ್ಷನ್ ಕೊಡುವವರಲ್ಲಿ ಇದು ತುಂಬಾ ಸಾಮಾನ್ಯ. ಒಬ್ಬರು ಹಾವನ್ನು ಹಿಡಿಯುತ್ತಾರೆ, ಇನ್ನೊಬ್ಬರು ಬಲಗೈಯಲ್ಲಿ ಸಿರಿಂಜ್ ಹಿಡಿಯುತ್ತಾರೆ, ಹಿಡಿಯುವವರ ರೂಢಿಗೆ ಯಾವಾಗಲೂ ಹಾವಿನ ಒಂದೇ ಪಕ್ಕ ಎದುರಿಗೆ ಬರುತ್ತದೆ. ಎರಡು ದಿನದ ಹಿಂದಿನ ಗಾಯದ ಮೇಲೆಯೇ ಮತ್ತೆ ಕ್ಷಾರ ಬೀಳುತ್ತದೆ. ಗಾಯದ ಜಾಗಕ್ಕೆ ಇನ್ನು ಮುಂದೆ ಸೂಜಿ ಬೇಡ, ಅದರ ಹಿಂದೆ ಮುಂದೆ ಎರಡು ಮೂರು ಬೆರಳಿನ ಅಗಲದಷ್ಟು ಬಿಟ್ಟುಬಿಡಿ. ಒಂದು ಕಾಗದದ ಮೇಲೆ ಹಾವಿನ ಉದ್ದನೆಯ ಚಿತ್ರ ಬರೆದು, ಕೊಟ್ಟ ದಿನಾಂಕವನ್ನು ಕೊಟ್ಟ ಜಾಗದಲ್ಲೇ ಗುರುತಿಸುತ್ತ ಹೋಗಿ. ಒಂದು ಸಲ ಎಡಪಕ್ಕ, ಮುಂದಿನ ಸಲ ಬಲಪಕ್ಕ, ಪ್ರತಿ ಸಲವೂ ಸ್ವಲ್ಪ ಸರಿದು.

ಜಾಗ ಸರಿಯುವುದೆಂದರೆ ಬಾಲದ ಕಡೆಗೆ ಹೋಗುವುದಲ್ಲ. ಇಂಜೆಕ್ಷನ್ ಯಾವಾಗಲೂ ದೇಹದ ಮುಂದಿನ ಅರ್ಧದಲ್ಲಿರಲಿ. ಹಾವಿನ ಹಿಂಭಾಗದ ರಕ್ತ ಹೃದಯಕ್ಕೆ ಮರಳುವ ದಾರಿಯಲ್ಲಿ ಮೂತ್ರಪಿಂಡದ ಮೂಲಕವೂ ಹಾದುಹೋಗುವ ವ್ಯವಸ್ಥೆ ಇದೆ. ಅದರಿಂದ ಮದ್ದಿನ ಮೇಲೆ ಎಷ್ಟು ಪರಿಣಾಮವಾಗುತ್ತದೆ ಎಂಬ ಬಗ್ಗೆ ವೈದ್ಯರಲ್ಲಿ ಚರ್ಚೆ ಇದ್ದರೂ, ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲ ಮದ್ದುಗಳನ್ನು ಮುಂಭಾಗದಲ್ಲೇ ಕೊಡುವ ಪದ್ಧತಿಯನ್ನು ಬಿಟ್ಟಿಲ್ಲ. ಸೂಜಿಯನ್ನು ಹುರುಪೆಯ ಮೇಲೆ ಒತ್ತಬಾರದು, ಎರಡು ಹುರುಪೆಗಳ ನಡುವಿನ ಮೆತ್ತನೆಯ ಚರ್ಮದಲ್ಲಿ ತೂರಿಸಬೇಕು, ಹಿಂದಿನಿಂದ ಮುಂದಕ್ಕೆ, ಓರೆಯಾಗಿ. ಒಳಗೆ ಹೋದ ಮೇಲೆ ಪಿಸ್ಟನ್ನನ್ನು ಸ್ವಲ್ಪ ಹಿಂದೆಳೆದು ರಕ್ತ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮದ್ದನ್ನು ನಿಧಾನವಾಗಿ ಬಿಟ್ಟು, ಸೂಜಿಯನ್ನು ಒಂದೈದು ಸೆಕೆಂಡ್ ಅಲ್ಲೇ ನಿಲ್ಲಿಸಿ ಹೊರತೆಗೆದರೆ ಹಿಂದಕ್ಕೆ ಜಿನುಗುವುದು ಕಡಿಮೆಯಾಗುತ್ತದೆ. ಪ್ರತಿ ಸಲ ಹೊಸ ಸಿರಿಂಜ್. ಸೀಸೆಯ ರಬ್ಬರನ್ನು ಒಮ್ಮೆ ಚುಚ್ಚಿದರೇ ಆ ಸಣ್ಣ ಸೂಜಿಯ ಮೊನೆ ಮೊಂಡಾಗುತ್ತದೆ, ಎರಡನೇ ಸಲಕ್ಕೆ ಅದು ಚರ್ಮವನ್ನು ಹರಿಯುತ್ತದೆ.

ವೈದ್ಯರ ಮುಂದಿರುವ ಬೇರೆ ದಾರಿಗಳನ್ನೂ ಹೇಳುತ್ತೇನೆ, ಮಾತಾಡುವಾಗ ನಿಮಗೆ ಅನುಕೂಲವಾಗಲಿ ಎಂದು. ಎನ್ರೋಫ್ಲಾಕ್ಸಸಿನ್ನನ್ನು ಮೊದಲ ಇಂಜೆಕ್ಷನ್ನಿನ ನಂತರ ಬಾಯಿಯ ಮೂಲಕ ಕೊಡುವುದುಂಟು. ಚರ್ಮಕ್ಕೆ ಇದು ಸುಖ, ಆದರೆ ಉಸಿರಿಗೆ ಕಷ್ಟಪಡುತ್ತಿರುವ ಹಾವಿನ ಬಾಯಿ ತೆರೆಸಿ ನಳಿಕೆ ಇಳಿಸುವುದು ಅಭ್ಯಾಸವಿಲ್ಲದವರ ಕೆಲಸವಲ್ಲ. ಮದ್ದು ಶ್ವಾಸನಾಳಕ್ಕೆ ಇಳಿದರೆ ಇದ್ದ ರೋಗ ಇಮ್ಮಡಿಯಾಗುತ್ತದೆ. ನನ್ನ ಒಲವು ಸೆಫ್ಟಾಜಿಡೈಮ್ ಕಡೆಗೆ. ಮನುಷ್ಯರ ಆಸ್ಪತ್ರೆಗಳಲ್ಲಿ ಬಳಸುವ ಪ್ರತಿಜೀವಕವೇ ಇದು, ಪುಡಿಯ ರೂಪದಲ್ಲಿ ಬರುತ್ತದೆ, ನೀರು ಬೆರೆಸಿದಾಗ ಗುಳ್ಳೆಯೆದ್ದು ಕರಗುತ್ತದೆ. ಎನ್ರೋಫ್ಲಾಕ್ಸಸಿನ್ ಮಟ್ಟದ ಕ್ಷಾರ ಇದರಲ್ಲಿಲ್ಲ, ಚರ್ಮವನ್ನು ಹಾಗೆ ಸುಡುವುದಿಲ್ಲ. ಹಾವಿನ ಶ್ವಾಸಕೋಶದಲ್ಲಿ ಮತ್ತೆ ಮತ್ತೆ ಸಿಗುವ ಸ್ಯೂಡೊಮೊನಾಸ್‌ನಂಥ ರೋಗಾಣುಗಳ ಮೇಲೆ ಒಳ್ಳೆಯ ಹಿಡಿತವಿದೆ. ಹಾವುಗಳಿಗೆ ಕಿಲೋಗೆ 20 ಮಿಲಿಗ್ರಾಂನಂತೆ 72 ಗಂಟೆಗೊಮ್ಮೆ ಕೊಟ್ಟರೆ ಸಾಕು, ಅಂದರೆ ಮೂರು ವಾರಕ್ಕೆ ಏಳೇ ಸೂಜಿ. ಕರಗಿಸಿದ ಮೇಲೆ ಫ್ರಿಜ್ಜಿನಲ್ಲಿ ಕೆಲವು ದಿನ ಮಾತ್ರ ಉಳಿಯುವುದರಿಂದ ಸಣ್ಣ ಸಣ್ಣ ಸಿರಿಂಜ್‌ಗಳಲ್ಲಿ ತುಂಬಿ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕೊಡುವುದು ರೂಢಿ. ದಾರಿಯಲ್ಲಿ ಕರಗಿ ಬಿಸಿಯಾಗದಂತೆ ಮಂಗಳೂರಿನಿಂದ ಮಂಜುಗಡ್ಡೆಯ ಡಬ್ಬಿಯಲ್ಲೇ ತರಬೇಕು. ಅಮಿಕಾಸಿನ್ ಎಂಬುದೂ ಒಂದಿದೆ, ಚರ್ಮಕ್ಕೆ ಅಷ್ಟೇನೂ ತೊಂದರೆಯಿಲ್ಲ, ಆದರೆ ಅದು ಮೂತ್ರಪಿಂಡಕ್ಕೆ ಹೊರೆ, ನೀರು ಸಾಲದ ಹಾವಿಗೆ ಅಪಾಯ. ಟೆಟ್ರಾಸೈಕ್ಲಿನ್ ಗುಂಪಿನ, ದನಗಳಿಗೆ ಕೊಡುವ ಇಂಜೆಕ್ಷನ್ ಬೇಡವೇ ಬೇಡ, ಅದೂ ಚುಚ್ಚಿದಲ್ಲಿ ಉರಿಯೂತ ತರುವುದೇ.

ಯಾವ ಮದ್ದು ಎಂಬುದನ್ನು ಊಹೆಯಿಂದ ನಿರ್ಧರಿಸುವುದಕ್ಕಿಂತ ಶ್ವಾಸನಾಳದಿಂದ ತೊಳೆದು ತೆಗೆದ ದ್ರವವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ರೋಗಾಣು ಯಾವುದು, ಅದು ಯಾವ ಮದ್ದಿಗೆ ಬಗ್ಗುತ್ತದೆ ಎಂದು ತಿಳಿಯುವುದು ಉತ್ತಮ. ಈಗಾಗಲೇ ಮದ್ದು ಶುರುವಾಗಿರುವುದರಿಂದ ಫಲಿತಾಂಶ ಸ್ವಲ್ಪ ಮಸುಕಾಗಬಹುದು. ಎರಡು ಮೂರು ವಾರ ಸರಿಯಾಗಿ ಚಿಕಿತ್ಸೆಯಾದ ಮೇಲೂ ಉಸಿರಾಟದ ತೊಂದರೆ ಮರುಕಳಿಸಿದರೆ ವೈರಸ್ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಪೈಥಾನ್‌ಗಳಲ್ಲಿ ನಿಡೋವೈರಸ್ ಎಂಬುದು ಇಂಥದೇ ಲಕ್ಷಣ ತೋರಿಸುತ್ತದೆ, ಅದಕ್ಕೆ ಪ್ರತಿಜೀವಕ ತಾಗುವುದಿಲ್ಲ. ಮನೆಯಲ್ಲಿ ಬೇರೆ ಹಾವು ಇದ್ದರೆ ಈಗಿನಿಂದಲೇ ಬೇರೆ ಕೋಣೆ, ಬೇರೆ ನೀರಿನ ಪಾತ್ರೆ.

ಉಸಿರಾಟ ಹಗುರವಾಗಿದೆಯಲ್ಲ, ಇನ್ನೇಕೆ ಮದ್ದು ಎಂದು ಅನಿಸುವುದು ಸಹಜ. ಹಾವಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಮಾಂಸದ ಪರದೆ) ಇಲ್ಲ, ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಉದ್ದನೆಯ ಚೀಲದಂತಿರುವ ಶ್ವಾಸಕೋಶದ ತಳದಲ್ಲಿ ಕೀವು ನಿಂತಿರುತ್ತದೆ. ಮೂಗಿನ ಗುಳ್ಳೆ ನಿಂತ ಮೇಲೂ ಒಳಗೆ ಸೋಂಕು ಉಳಿದಿರುತ್ತದೆ, ಅರ್ಧಕ್ಕೆ ಬಿಟ್ಟರೆ ಮದ್ದಿಗೆ ಬಗ್ಗದ ರೋಗಾಣುಗಳೇ ಬೆಳೆದು ನಿಲ್ಲುತ್ತವೆ. ಬೆನ್ನಿನ ಮೇಲಿನ ಗಾಯದಿಂದ ಹಾವು ಸಾಯುವ ಸಂಭವ ತೀರಾ ಕಡಿಮೆ. ನ್ಯುಮೋನಿಯಾದಿಂದ ಸಾಯುತ್ತದೆ.

ಗಾಯದ ಆರೈಕೆಯ ಮಾತು. ಅರಸಿನ, ತೆಂಗಿನೆಣ್ಣೆ ಎರಡೂ ಬೇಡ. ಅರಸಿನದ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ಅದರ ಹಳದಿ ಬಣ್ಣ ಹುರುಪೆಯ ಸಂದಿಗೆ ಇಳಿದರೆ ಮುಂದಿನ ಪೊರೆ ಕಳಚುವವರೆಗೂ ಹೋಗುವುದಿಲ್ಲ. ಕಲೆ ಹರಡುತ್ತಿದೆಯೇ, ಕೆಂಪಾಗುತ್ತಿದೆಯೇ ಎಂದು ನೋಡಲು ನಮಗಿರುವುದು ಬಣ್ಣವೊಂದೇ, ಅದನ್ನೇ ಮುಚ್ಚಿಬಿಟ್ಟಂತಾಗುತ್ತದೆ. ಎಣ್ಣೆ ಹಚ್ಚಿದರೆ ಎದ್ದ ಹುರುಪೆಗಳ ಅಡಿಗೆ ಧೂಳು, ಮಲದ ಕಣ, ತೆಂಗಿನ ನಾರಿನ ಹುಡಿ ಎಲ್ಲ ಅಂಟಿ ಕೂರುತ್ತವೆ. ಅಂದಹಾಗೆ ಪೆಟ್ಟಿಗೆಯ ತಳಕ್ಕೆ ನಾರಿನ ಹುಡಿ ಹಾಕಿದ್ದರೆ ಅದನ್ನು ತೆಗೆದು, ಗಾಯ ಮಾಯುವವರೆಗೆ ಹಳೆಯ ಪತ್ರಿಕೆ ಅಥವಾ ಪೇಪರ್ ಟವೆಲ್ ಹಾಸಿ, ಒದ್ದೆಯಾದ ಕೂಡಲೇ ಬದಲಿಸಿ. ನಮ್ಮ ಆಷಾಢದ ಗಾಳಿಯಲ್ಲಿ ನಾರಿನ ಹುಡಿಗೆ ಬೂಸ್ಟು ಬರಲು ಹೆಚ್ಚು ಹೊತ್ತು ಬೇಡ.

ಚರ್ಮ ಒಡೆಯದೆ ಬರೀ ಕಪ್ಪಾಗಿದ್ದರೆ ಏನೂ ಹಚ್ಚಬೇಕಾಗಿಲ್ಲ. ಒಡೆದಿದ್ದರೆ ಸಲೈನಿನಲ್ಲಿ ತೊಳೆದು, ಪೊವಿಡೋನ್ ಅಯೋಡಿನನ್ನು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹತ್ತಿಯಿಂದ ಮೆಲ್ಲಗೆ ಒತ್ತಿ. ವೈದ್ಯರು ಹೇಳಿದರೆ ಮಾತ್ರ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ತೆಳ್ಳಗೆ ಸವರಿ. ಹಕ್ಕಳೆಯನ್ನು ಕೀಳಬೇಡಿ. ಮನೆಯ ಡಬ್ಬಿಯಲ್ಲಿರುವ ತುರಿಕಜ್ಜಿಯ ಮುಲಾಮುಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ಬಹಳಷ್ಟರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ, ಅದು ಸೋಂಕಿನ ವಿರುದ್ಧ ಹೋರಾಡುತ್ತಿರುವ ಹಾವಿನ ಶಕ್ತಿಯನ್ನೇ ಕುಗ್ಗಿಸುತ್ತದೆ.

ಎಲ್ಲ ಕಪ್ಪು ಕಲೆಯೂ ಸೂಜಿಯದ್ದಲ್ಲ ಎಂಬುದನ್ನೂ ಮರೆಯಬಾರದು. ಕಲೆ ಹೊಟ್ಟೆಯ ಕಡೆ ಇದ್ದರೆ ಶಾಖದ ಚಾಪೆ ಸುಟ್ಟಿರಬಹುದು, ತಾಪ ನಿಯಂತ್ರಕವಿಲ್ಲದ ಚಾಪೆ ಹಾವನ್ನು ಗೊತ್ತಾಗದಂತೆ ಬೇಯಿಸುತ್ತದೆ. ಹೊಟ್ಟೆಯ ಹುರುಪೆಗಳ ಅಂಚಿನಲ್ಲಿ ಕಂದು ಬಣ್ಣ, ನೀರುಗುಳ್ಳೆ ಕಂಡರೆ ತೇವದಿಂದ ಬಂದ ಚರ್ಮದ ಕೊಳೆ. ಹುರುಪೆಯ ಸಂದಿಯಲ್ಲಿ, ಕಣ್ಣಿನ ಸುತ್ತ ಓಡಾಡುವ ಕಪ್ಪು ಚುಕ್ಕೆಗಳಿದ್ದರೆ ಅವು ರಕ್ತ ಹೀರುವ ಹುಳುಗಳು. ಇವೆಲ್ಲಕ್ಕಿಂತ ಭಯಪಡಬೇಕಾದದ್ದು ಹೊಟ್ಟೆಯ ಮೇಲೆಲ್ಲ ಹರಡುವ ಗುಲಾಬಿ ಅಥವಾ ಕೆಂಪು ಚುಕ್ಕೆಗಳು. ಸೋಂಕು ರಕ್ತಕ್ಕೆ ಇಳಿದಿರಬಹುದು, ಅದಕ್ಕೆ ಮರುದಿನದವರೆಗೆ ಕಾಯಬಾರದು. ಹಾಗೆಯೇ ಗಂಟು ದಿನದಿಂದ ದಿನಕ್ಕೆ ಹಿಗ್ಗುತ್ತಿದ್ದರೆ, ವಾಸನೆ ಬಂದರೆ, ಮಗುಚಿ ಹಾಕಿದ ಹಾವು ತಾನಾಗಿ ತಿರುಗಿಕೊಳ್ಳದಿದ್ದರೆ, ಗಾಯದ ಜಾಗದಿಂದ ಹಿಂದಕ್ಕೆ ದೇಹ ಸೋತಂತೆ ಕಂಡರೆ ಕೂಡಲೇ ಹೊರಡಿ.

ಈ ಚಿಕಿತ್ಸೆಯ ಅರ್ಧ ಭಾಗ ಬಿಸಿಯೇ. ಪೆಟ್ಟಿಗೆಯ ಒಂದು ತುದಿ 31ರಿಂದ 32 ಡಿಗ್ರಿ, ಇನ್ನೊಂದು ತುದಿ 26ರಿಂದ 27 ಡಿಗ್ರಿ ಇರಲಿ, ರಾತ್ರಿಯೂ ಹಾಗೆಯೇ. ಬರೀ ಅಂದಾಜಿನಲ್ಲಿ ಬಿಡಬೇಡಿ, ಎರಡೂ ತುದಿಯಲ್ಲಿ ತಾಪಮಾಪಕ ಇಡಿ. ಮದ್ದಿನ ಪ್ರಮಾಣ, ಎಷ್ಟು ಗಂಟೆಗೊಮ್ಮೆ ಎಂಬ ಲೆಕ್ಕ ಎಲ್ಲವೂ ಬೆಚ್ಚಗಿರುವ ಹಾವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಮ್ಮ ಕಡೆ ಗಾಳಿಮಳೆಗೆ ಅಡಿಕೆ ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಬರಲು ಮರುದಿನವಾದರೂ ಆಗಬಹುದು. ಅದಕ್ಕೆ ಮೊದಲೇ ಸಿದ್ಧರಾಗಿ: ಹಾವನ್ನು ಬಟ್ಟೆಚೀಲದಲ್ಲಿ ಹಾಕಿ, ಗಾಳಿಗೆ ಕೆಲವು ತೂತು ಮಾಡಿದ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ದಪ್ಪ ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಬಾಟಲಿ ನೇರವಾಗಿ ಚರ್ಮಕ್ಕೆ ತಾಗಬಾರದು. ಇಂಜೆಕ್ಷನ್ ಕೊಡುವ ದಿನ ಹಾವು ತಣ್ಣಗಿದ್ದರೆ ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಸೂಜಿ. ಗಾಳಿಯಲ್ಲಿ ತೇವ ವಿಪರೀತವಿರುವ ಈ ದಿನಗಳಲ್ಲಿ ಪೆಟ್ಟಿಗೆಯ ಗಾಳಿಕಿಂಡಿ ಮುಚ್ಚದಂತೆ ನೋಡಿಕೊಳ್ಳಿ. ಉಸಿರಾಟ ಪೂರ್ತಿ ಸುಧಾರಿಸುವವರೆಗೆ ಇಲಿ ತಿನ್ನಿಸುವ ಅವಸರ ಬೇಡ, ಆರೋಗ್ಯವಾಗಿದ್ದ ಬಾಲ್ ಪೈಥಾನ್ ಕೆಲವು ವಾರ ಉಪವಾಸವನ್ನು ತಾಳುತ್ತದೆ. ಕುಡಿಯುವ ನೀರು ಮಾತ್ರ ದಿನವೂ ಹೊಸದಿರಲಿ.

ಕಲೆ ಹೋಗುತ್ತದೆಯೇ ಎಂದು ನೀವು ಕೇಳಿಲ್ಲ, ಕೇಳುತ್ತೀರಿ. ಚರ್ಮದ ಮೇಲ್ಪದರ ಮಾತ್ರ ಕೆಟ್ಟಿದ್ದರೆ ಒಂದೆರಡು ಪೊರೆ ಕಳಚುವಷ್ಟರಲ್ಲಿ ಬಹುಪಾಲು ಸರಿಹೋಗುತ್ತದೆ. ಗಾಯವಾದ ಹಾವು ರೂಢಿಗಿಂತ ಬೇಗ ಪೊರೆ ಬಿಡುವುದೂ ಇದೆ. ಪೊರೆ ಆ ಜಾಗದಲ್ಲಿ ಅಂಟಿಕೊಂಡು ಹರಿದರೆ ಎಳೆಯಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆತ್ತಗಾಗಿಸಿ ಬಿಡಿಸಿ. ಸುಡುವಿಕೆ ಆಳಕ್ಕೆ ಇಳಿದಿದ್ದರೆ ಅಲ್ಲಿ ಹುರುಪೆ ಮೊದಲಿನಂತೆ ಬರುವುದಿಲ್ಲ, ಬಣ್ಣಗೆಟ್ಟ ಸುಕ್ಕಿನ ಗುರುತೊಂದು ಕೊನೆಯವರೆಗೂ ಉಳಿಯುತ್ತದೆ. ಹಾವಿಗೆ ಅದರಿಂದ ಬಾಧೆಯಿಲ್ಲ. ಸರೀಸೃಪಗಳ ಗಾಯ ಮಾಯುವ ವೇಗ ನಮ್ಮದಕ್ಕಿಂತ ತುಂಬಾ ನಿಧಾನ, ತಿಂಗಳುಗಟ್ಟಲೆ ಹಿಡಿದರೂ ಕಂಗೆಡಬೇಡಿ.

ನಿಮ್ಮ ಅಮ್ಮನಿಗೆ ಹೇಳಿ, ನಾಗನ ಭಕ್ತಿ ಇರುವ ಮನೆಯಲ್ಲಿ ಹಾವಿಗೆ ನೋವಾಯಿತಲ್ಲ ಎಂದು ಮನಸ್ಸು ಕುದಿಯುವುದು ಒಳ್ಳೆಯ ಮನಸ್ಸಿನ ಲಕ್ಷಣವೇ. ನಾಗಬನದಲ್ಲಿ ತಂಬಿಲದ ಸೇವೆ ಕೊಡಿಸಬೇಕೆನಿಸಿದರೆ ಕೊಡಿಸಲಿ. ಸೂಜಿ ಚುಚ್ಚುತ್ತಿರುವುದು ಉಸಿರು ಉಳಿಸಲು. ಅದನ್ನು ನಿಲ್ಲಿಸಬೇಡಿ ಎಂದು ಮಾತ್ರ ನನ್ನ ಕೋರಿಕೆ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ಬಾಲ್ ಪೈಥಾನ್ ಹೊರದೇಶದ ಹಾವು, ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಇಂಥ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮ ಹೇಳುತ್ತದೆ. ನಮ್ಮ ತೋಟದಲ್ಲಿ ಸಿಗುವ ಹೆಬ್ಬಾವು ಬೇರೆ, ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಅದನ್ನಾಗಲಿ, ಗಾಯಗೊಂಡ ಬೇರೆ ಯಾವ ಕಾಡುಹಾವನ್ನಾಗಲಿ ಮನೆಗೆ ತಂದು ಇಂಜೆಕ್ಷನ್ ಕೊಡಲು ಹೋಗಬೇಡಿ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತಿಳಿಸಿದರೆ ತರಬೇತಾದವರು ಬರುತ್ತಾರೆ.

ಮಂಗಳೂರಿಗೆ ಹೋಗುವಾಗ ಮದ್ದಿನ ಸೀಸೆ, ಬಳಸಿದ ಬಗೆಯ ಒಂದು ಸಿರಿಂಜ್, ಇಂಜೆಕ್ಷನ್ ಕೊಟ್ಟ ದಿನ ಮತ್ತು ಜಾಗ ಬರೆದ ಕಾಗದ, ಪೆಟ್ಟಿಗೆಯ ಎರಡು ತುದಿಯ ತಾಪಮಾನದ ಟಿಪ್ಪಣಿ, ಇವಿಷ್ಟನ್ನು ಒಯ್ಯಿರಿ. ಹೊರಡುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ಹಾವನ್ನು ಮತ್ತೊಮ್ಮೆ ತೂಗಿ. ಕಾಯಿಲೆಯಲ್ಲಿ ತೂಕ ಇಳಿದಿದ್ದರೆ ಮದ್ದಿನ ಲೆಕ್ಕವನ್ನೂ ಇಳಿಸಬೇಕಾಗುತ್ತದೆ, 900 ಗ್ರಾಂ ಎಂಬುದು ಯಾವಾಗ ತೂಗಿದ್ದು ಎಂದು ನಿಮ್ಮ ಪತ್ರದಲ್ಲಿಲ್ಲ. ಮುಂದಿನ ಸರದಿಯ ಇಂಜೆಕ್ಷನ್ ಅದೇ ದಿನಕ್ಕಿದ್ದರೆ ಮನೆಯಲ್ಲಿ ಕೊಡದೆ ಅವರ ಕೈಯಿಂದಲೇ ಕೊಡಿಸಿಕೊಳ್ಳಿ.